ಬೆಕ್ಕಿನ ಕೊರಳಿಗೆ ವಿದ್ಯುತ್ ಪಟ್ಟಿ ಬೇಕೆ?

ತುರುವೇಕೆರೆ ತಾಲ್ಲೂಕಿನ ನಮ್ಮ ಊರಿಗೆ ಕಳೆದ ದೀಪಾವಳಿಗೆ ಬಂದ ಅಕ್ಕನ ಮಗ ತನ್ನ ಅಜ್ಜಿಗೆಂದು ಒಂದು ಪೆಟ್ಟಿಗೆ ತಂದಿದ್ದ. ಬಿಚ್ಚಿ ನೋಡಿದರೆ ಉಡುಗೊರೆ ಅಜ್ಜಿಗಲ್ಲ, ಅಜ್ಜಿಯ ಬೆಕ್ಕಿಗೆ. ಒಂದು ಸುರುಳಿ ತಂತಿ, ಗೋಡೆಗೆ ಸಿಕ್ಕಿಸುವ ಪುಟ್ಟ ಯಂತ್ರ, ಕೊರಳಿಗೆ ಕಟ್ಟುವ ಪಟ್ಟಿ. ತಂತಿಯನ್ನು ಮನೆಯ ಸುತ್ತ ನೆಲದಲ್ಲಿ ಹುಗಿಯಬೇಕು. ಪಟ್ಟಿ ಕಟ್ಟಿದ ಬೆಕ್ಕು ತಂತಿಯ ಸಮೀಪಕ್ಕೆ ಬಂದರೆ ಮೊದಲು ಎಚ್ಚರಿಕೆಯ ಸದ್ದು; ಲೆಕ್ಕಿಸದೆ ಮುಂದುವರಿದರೆ ಕೊರಳಿಗೆ ವಿದ್ಯುತ್ತಿನ ಚುರುಕು. ನಾಲ್ಕಾರು ಸಲ ತಿಂದ ಮೇಲೆ ಅದು ಗಡಿ ದಾಟುವ ಗೋಜಿಗೇ ಹೋಗುವುದಿಲ್ಲವಂತೆ. ‘ಹಿಂದಿನ ಬೆಕ್ಕಿನ ಹಾಗೆ ಇದೂ ಹೋಗಬಾರದಲ್ವಾ ಮಾವ’ ಎಂದ ಹುಡುಗನ ಅಕ್ಕರೆಯಲ್ಲಿ ನನಗೆ ಅನುಮಾನವಿಲ್ಲ. ಅಮ್ಮ ಮಾತ್ರ ಪಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ‘ಇದನ್ನ ಕಟ್ಕಂಡು ಅದು ಅಟ್ಟ ಹತ್ತದೆಂಗೋ?’ ಎಂದರು.

ಅಮ್ಮನ ಪ್ರಶ್ನೆ ಅರ್ಥವಾಗಬೇಕಾದರೆ ತೆಂಗಿನ ಸೀಮೆಯ ಮನೆಯೊಳಗನ್ನು ಬಲ್ಲವರಾಗಿರಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಯ ಉಂಡೆ ಕೊಬ್ಬರಿ ಬಿಸಿಲಿನಲ್ಲಿ ಒಣಗುವ ಸರಕಲ್ಲ. ಬಲಿತ ಕಾಯಿಯನ್ನು ಮಟ್ಟೆಸಹಿತ ಅಟ್ಟಕ್ಕೇರಿಸಿ ಹತ್ತು ಹನ್ನೊಂದು ತಿಂಗಳು ಬಿಟ್ಟರೆ, ನೀರು ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು, ಅಲುಗಾಡಿಸಿದಾಗ ಒಳಗೆ ಗಿಟುಕು ಸದ್ದು ಮಾಡುತ್ತದೆ. ವರ್ಷದ ಆದಾಯವೆಲ್ಲ ತಲೆಯ ಮೇಲೆ ಕತ್ತಲಲ್ಲಿ ಕೂತಿರುತ್ತದೆ. ಅಲ್ಲಿಗೆ ಇಲಿ ಬಾರದಿರುತ್ತದೆಯೇ? ಹಾಗಾಗಿ ನಮ್ಮಲ್ಲಿ ಬೆಕ್ಕು ಮುದ್ದಿನ ಪ್ರಾಣಿ ಎಂಬುದಕ್ಕಿಂತ ಮನೆಯ ಆಳುಗಳಲ್ಲೊಂದು. ಅದರ ಕಾರ್ಯಕ್ಷೇತ್ರ ಅಟ್ಟದಿಂದ ಹಿಡಿದು ಕಣ, ಹುಲ್ಲಿನ ಬಣವೆ, ಪಕ್ಕದ ಮನೆಯ ಹೆಂಚಿನವರೆಗೂ ಹಬ್ಬಿರುತ್ತದೆ.

ಪಟ್ಟಿಯ ಪರವಾಗಿಯೂ ವಾದಗಳಿವೆ ಎಂಬುದನ್ನು ಅಲ್ಲಗಳೆಯಲಾರೆ. ವೇಲ್ಸ್ 2010ರಲ್ಲೇ ನಾಯಿ ಬೆಕ್ಕುಗಳಿಗೆ ಇಂಥ ಪಟ್ಟಿ ಕಟ್ಟುವುದನ್ನು ನಿಷೇಧಿಸಿತು. ಆದರೆ ಇಂಗ್ಲೆಂಡಿನಲ್ಲಿ 2018ರಲ್ಲಿ ನಿಷೇಧದ ಮಾತು ಬಂದಾಗ, ರಸ್ತೆಯಲ್ಲಿ ಬೆಕ್ಕುಗಳು ಸಾಯುವುದು ತಪ್ಪುತ್ತದೆಂಬ ವಾದಕ್ಕೆ ಮಣಿದ ಸರ್ಕಾರ ಗಡಿತಂತಿಯ ಪಟ್ಟಿಗಳನ್ನು ಅದರಿಂದ ಹೊರಗಿಟ್ಟಿತು. ಲಿಂಕನ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ವರ್ಷಕ್ಕೂ ಹೆಚ್ಚು ಕಾಲ ಇಂಥ ಗಡಿಯೊಳಗಿದ್ದ 23 ಬೆಕ್ಕುಗಳನ್ನು ಗಡಿಯಿಲ್ಲದ 23 ಬೆಕ್ಕುಗಳೊಡನೆ ಹೋಲಿಸಿ, ದೀರ್ಘಕಾಲದ ಹಾನಿ ಕಾಣಲಿಲ್ಲವೆಂದಿತು. ಬೆಕ್ಕು ಹಕ್ಕಿಗಳನ್ನು ಕೊಲ್ಲುತ್ತದೆ, ಕಟ್ಟಿಹಾಕಿದರೆ ಅವಾದರೂ ಬದುಕುತ್ತವೆ ಎಂಬ ಮಾತೂ ಸುಳ್ಳಲ್ಲ.

ಇಷ್ಟಾದರೂ ನನ್ನ ಮನಸ್ಸು ಒಪ್ಪುತ್ತಿಲ್ಲ. ತೆನಾಲಿ ರಾಮಕೃಷ್ಣ ತನ್ನ ಬೆಕ್ಕಿಗೆ ಕುದಿಯುವ ಹಾಲನ್ನಿಟ್ಟು, ಆಮೇಲೆ ಹಾಲು ಕಂಡರೇ ಅದು ಓಡುವಂತೆ ಮಾಡಿದ ಕಥೆಯನ್ನು ನಾವೆಲ್ಲ ಬಾಲ್ಯದಲ್ಲಿ ಕೇಳಿ ನಕ್ಕಿದ್ದೇವೆ. ಈ ಪಟ್ಟಿಯ ತತ್ವವೂ ಅದೇ. ಸುಟ್ಟ ನಾಲಿಗೆಯ ಬೆಕ್ಕು ಹಾಲನ್ನು ಬಿಟ್ಟಿತೇ ಹೊರತು ಅದಕ್ಕೆ ಬೇರೇನೂ ತಿಳಿಯಲಿಲ್ಲ. ಪಟ್ಟಿಗೂ ತಡೆಯಲು ಗೊತ್ತಿರುವುದು ಬೆಕ್ಕನ್ನು ಮಾತ್ರ. ಒಳಗೆ ನುಗ್ಗುವ ಬೀದಿನಾಯಿಯನ್ನು ಅದು ತಡೆಯುವುದಿಲ್ಲ. ನಾಯಿ ಅಟ್ಟಿಸಿಕೊಂಡು ಬಂದಾಗ ಬೆಕ್ಕು ಪ್ರಾಣಭಯದಲ್ಲಿ ಚುರುಕನ್ನೂ ಸಹಿಸಿ ಗಡಿ ದಾಟೀತು; ಭಯ ಇಳಿದ ಮೇಲೆ ಅದೇ ಚುರುಕಿಗೆ ಹೆದರಿ ಮನೆಗೆ ಮರಳಲಾರದು. ಇನ್ನು ನೆಲದಲ್ಲಿ ಹುಗಿದ ತಂತಿ ಮೊದಲ ಉಳುಮೆಯವರೆಗಾದರೂ ಉಳಿದೀತೆಂಬ ಭರವಸೆ ತೋಟದ ನಡುವಿನ ಮನೆಯವರಿಗೆ ಇರಲಾರದು.

ಇವೆಲ್ಲ ಸಣ್ಣ ತಕರಾರುಗಳು. ನಮ್ಮ ಹಿಂದಿನ ಬೆಕ್ಕು ಸತ್ತದ್ದು ಹೇಗೆಂಬುದನ್ನು ಹೇಳದೆ ನಾನು ಈ ಚರ್ಚೆಯಲ್ಲಿ ಪ್ರಾಮಾಣಿಕನಾಗಲಾರೆ. ಅದು ರಸ್ತೆಗೆ ಹೋಗಿ ಸಾಯಲಿಲ್ಲ. ಅದನ್ನು ಕೊಂದವನು ನಾನು.

ತೆಂಗಿನ ಸುಳಿಯಲ್ಲಿ ಗೂಡು ಕಟ್ಟಿಕೊಂಡು ಎಳೆಗಾಯಿಗಳನ್ನು ಕೊರೆದು ಕೆಡಹುವ ಇಲಿಗಳ ಹಾವಳಿ ತೆಂಗು ಬೆಳೆದವರಿಗೆಲ್ಲ ಗೊತ್ತು. ಐದು ಮರಗಳಿಗೊಂದರಂತೆ ಸುಳಿಯಲ್ಲಿ ಬ್ರೋಮಾಡಿಯೋಲೋನ್ ಮೇಣದ ಬಿಲ್ಲೆಯನ್ನು, ಹನ್ನೆರಡು ದಿನಗಳ ಅಂತರದಲ್ಲಿ ಎರಡು ಸಲ ಇಡಬೇಕೆಂಬುದು ತಜ್ಞರ ಶಿಫಾರಸು. ಕಾಯಿ ಕೀಳುವವನ ಕೈಯಲ್ಲಿ ನಾನೂ ಇಡಿಸಿದೆ. ಈ ವಿಷ ಒಡನೆಯೇ ಕೊಲ್ಲುವುದಿಲ್ಲ. ರಕ್ತ ಹೆಪ್ಪುಗಟ್ಟುವ ಗುಣವನ್ನೇ ಕೆಡಿಸಿ ಕೆಲವು ದಿನಗಳಲ್ಲಿ ಒಳಗೊಳಗೇ ಸೋರಿಸುತ್ತದೆ. ಆ ದಿನಗಳಲ್ಲಿ ಇಲಿ ಮಂಕಾಗಿ ಹಾಡಹಗಲೇ ತೆವಳುತ್ತದೆ. ಬೆಕ್ಕಿಗೆ ಅಷ್ಟು ಸುಲಭದ ಬೇಟೆ ಮತ್ತೊಂದಿಲ್ಲ. ನಮ್ಮ ಹೆಂಚಿನ ಮೇಲೆ ಬಾಗಿದ ಮರದಿಂದಿಳಿದು ಅಟ್ಟಕ್ಕೆ ಬಂದ ಇಲಿಗಳನ್ನು ಅದು ಮನೆಯೊಳಗೇ ಹಿಡಿದು ತಿಂದಿತ್ತು. ವಾರ ಕಳೆಯುವಷ್ಟರಲ್ಲಿ ಒಸಡಿನಲ್ಲಿ ರಕ್ತ, ಎದ್ದು ನಿಲ್ಲಲಾಗದ ನಿತ್ರಾಣ. ಪಶುವೈದ್ಯರು ವಿಟಮಿನ್ ಕೆ ಚುಚ್ಚುಮದ್ದು ಕೊಟ್ಟರು. ನಾವು ಕರೆದೊಯ್ದದ್ದು ತಡವಾಗಿತ್ತು. ಅಕ್ಕನ ಮಗನಿಗೆ ಅಂದು ನಾವು ಫೋನಿನಲ್ಲಿ ಹೇಳಿದ್ದು ‘ಬೆಕ್ಕು ಹೋಯಿತು’ ಎಂದಷ್ಟೆ. ಅವನು ತಂತಿ ಕೊಂಡುತಂದದ್ದು ಆ ಅರ್ಧ ಸತ್ಯವನ್ನು ನಂಬಿ.

ಕೊರಳಲ್ಲಿ ಪಟ್ಟಿ ಇದ್ದಿದ್ದರೂ ಆ ಬೆಕ್ಕು ಸಾಯುತ್ತಿತ್ತು. ಅದೇ ಇಲಿಯನ್ನು ತಿಂದರೆ ತೋಟದ ಗೂಬೆಗೂ ಮುಂಗುಸಿಗೂ ಅದೇ ಗತಿ. ಇಲಿಯ ನಿಜವಾದ ಶತ್ರುಗಳನ್ನು ನಾವೇ ಮುಗಿಸಿ, ಮರುವರ್ಷ ಇನ್ನಷ್ಟು ಬಿಲ್ಲೆ ತರುವ ವಿಪರ್ಯಾಸ ಇದು. ಕಾಂಡಕ್ಕೆ ಎರಡು ಮೀಟರ್ ಎತ್ತರದಲ್ಲಿ ನಯವಾದ ತಗಡಿನ ಪಟ್ಟಿ ಸುತ್ತಿದರೆ ಇಲಿ ಜಾರಿ ಬೀಳುತ್ತದೆ ಎಂಬುದನ್ನೂ ಅದೇ ತಜ್ಞರು ಹೇಳಿದ್ದಾರೆ. ಗರಿಗೆ ಗರಿ ತಾಗುವ ಒತ್ತಾದ ತೋಟಗಳಲ್ಲಿ ಇದು ಫಲಿಸದು. ಬಿಡಿ ಮರಗಳಿಗೆ, ಮನೆಯ ಪಕ್ಕದ ಮರಗಳಿಗೆ ಖಂಡಿತ ಸಾಕು. ಪಟ್ಟಿ ಕಟ್ಟಲೇಬೇಕೆಂದಿದ್ದರೆ ಮರಕ್ಕೆ ಕಟ್ಟಬಹುದಲ್ಲ!

ಕಾನೂನಿನ ಆಸರೆಯನ್ನು ನಾನು ಹೆಚ್ಚು ನೆಚ್ಚುವವನಲ್ಲ. ಪ್ರಾಣಿಗೆ ಅನಗತ್ಯ ನೋವು ಕೊಡುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಮೊದಲ ಸಲ ತಪ್ಪಿತಸ್ಥರಾದವರಿಗೆ ದಂಡ 10ರಿಂದ 50 ರೂಪಾಯಿ. ಅಷ್ಟು ಹಣಕ್ಕೆ ಬೆಂಗಳೂರಿನಲ್ಲಿ ಒಂದು ದಪ್ಪನೆಯ ತೆಂಗಿನಕಾಯಿ ಸಿಗುವುದೂ ಈಗ ಅನುಮಾನ.

ರಾತ್ರಿ ಬೆಕ್ಕನ್ನು ಒಳಗಿಡಬೇಕೆಂಬುದರಲ್ಲಿ ನನಗೂ ಅಕ್ಕನ ಮಗನಿಗೂ ಭಿನ್ನಾಭಿಪ್ರಾಯವಿಲ್ಲ. 2019-20ರಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಲ್ಲಿ ಚಿರತೆಗಳು ಮಕ್ಕಳ ಜೀವವನ್ನೂ ತೆಗೆದ ಮೇಲೆ ಮನುಷ್ಯರೇ ಕತ್ತಲಾದೊಡನೆ ಬಾಗಿಲು ಹಾಕುವುದನ್ನು ಕಲಿತರು. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಗಂಡುಬೆಕ್ಕಿನ ಊರು ಸುತ್ತಾಟ ಬಹುಪಾಲು ತಗ್ಗುತ್ತದೆ. ಅದನ್ನು ಈ ಸಲ ಮಾಡಿಸಿದ್ದೇವೆ. ದೀಪ ಹಚ್ಚುವ ಹೊತ್ತಿಗೆ ಅಮ್ಮ ತಟ್ಟೆಗೆ ಹಾಲನ್ನ ಕಲಸಿ ಕರೆಯುತ್ತಾರೆ, ಬೆಕ್ಕು ಬಂದ ಮೇಲೆ ಕದ ಮುಚ್ಚುತ್ತಾರೆ.

ಹೊರಗಿನ ವಿಷದ ವಿಚಾರ ಒಂದು ಮನೆಯವರಿಂದ ಆಗುವಂಥದ್ದಲ್ಲ. ಬಿಲ್ಲೆ ಮಾರುವ ಅಂಗಡಿಯವರು ಸತ್ತ ಇಲಿಗಳನ್ನು ಹುಡುಕಿ ಹೂಳಬೇಕೆಂದು ಪ್ರತಿಯೊಬ್ಬ ರೈತನಿಗೂ ಬಾಯಿಬಿಟ್ಟು ಹೇಳುವಂತೆ ಕೃಷಿ ಇಲಾಖೆ ನೋಡಿಕೊಳ್ಳಬೇಕು. ಬಿಲ್ಲೆ ಇಡುವ ದಿನವನ್ನು ಅಕ್ಕಪಕ್ಕದ ತೋಟದವರಿಗೆ ಮುಂಚಿತವಾಗಿ ತಿಳಿಸುವ ರೂಢಿ ಬರಬೇಕು. ನಮ್ಮ ಬೇಲಿಗೆ ಹೊಂದಿಕೊಂಡ ನಾಲ್ಕು ಮನೆಯವರು ಈ ವರ್ಷದಿಂದ ಬೆಳಗ್ಗೆ ಹಾಲಿನ ಡೇರಿಯ ಬಳಿ ಇದನ್ನು ಹೇಳಿಕೊಳ್ಳುತ್ತಿದ್ದೇವೆ. ಐದನೆಯವರು ಇನ್ನೂ ಒಪ್ಪಿಲ್ಲ.