ಗಿಟಾರಿಗೆ ಬಂದ ತತ್ವಪದ, ಊರಿಗೆ ಉಳಿದ ಋಣ

ಕೆಲವು ವರ್ಷಗಳ ಹಿಂದಿನ ಶ್ರಾವಣದಲ್ಲಿ, ಮುಂಡರಗಿ ತಾಲ್ಲೂಕಿನ ಹಿರೇವಡ್ಡಟ್ಟಿಯಲ್ಲಿ ರಾತ್ರಿ ಭಜನೆ ಕೇಳುತ್ತ ಕುಳಿತಿದ್ದೆ. ಹಾರ್ಮೋನಿಯಂ, ತಬಲಾ, ದಮ್ಮಡಿ, ತಾಳ. ನಡುವೆ ಶಿಶುನಾಳ ಷರೀಫರ ಪದ. ಪದ ಮುಗಿದಾಗ ಹುಡುಗನೊಬ್ಬ ಮೊಬೈಲ್ ತೆಗೆದು ಅದೇ ಪದವನ್ನು ರಘು ದೀಕ್ಷಿತ್ ತಂಡದ ಧಾಟಿಯಲ್ಲಿ ಕೇಳಿಸಿದ. ಮೇಳದ ಹಿರಿಯರು ಕೊನೆಯವರೆಗೂ ಕೇಳಿ, ‘ಪದ ನಮ್ದ ಐತ್ರಿ, ಮಟ್ಟ ಬ್ಯಾರೆ’ ಎಂದು ನಕ್ಕರು. ಅವರಿಗೆ ಸಿಟ್ಟು ಬರಲಿಲ್ಲ. ರಾಕ್ ಸಂಗೀತ ತತ್ವಪದವನ್ನು ಕೆಡಿಸಿತೆಂದು ಅದುವರೆಗೆ ವಾದಿಸುತ್ತಿದ್ದವನು ನಾನು.

ರಘು ದೀಕ್ಷಿತ್ ಮೈಸೂರಿನಲ್ಲಿ ಸೂಕ್ಷ್ಮಜೀವಿಶಾಸ್ತ್ರ ಓದಿದವರು, ಭರತನಾಟ್ಯ ಕಲಿತವರು. ಸಹಪಾಠಿಯೊಬ್ಬನ ಸವಾಲಿಗೆ ಗಿಟಾರ್ ಹಿಡಿದವರು. 1990ರ ದಶಕದ ಕೊನೆಯಲ್ಲಿ ಅವರು ಕಟ್ಟಿದ ‘ಅಂತರಾಗ್ನಿ’ಯಲ್ಲಿ ಗಿಟಾರಿನ ಜೊತೆಗೆ ಕರ್ನಾಟಕ ಸಂಗೀತದ ಪಿಟೀಲು ಇತ್ತು. ಕ್ಯಾಸೆಟ್ ಕಂಪನಿಗಳಿಗೆ ಸಿನಿಮಾ ಹಾಡು ಬೇಕಿತ್ತೇ ಹೊರತು ಇಂಥ ಪ್ರಯೋಗವಲ್ಲ. ವರ್ಷಗಳ ಅಲೆದಾಟದ ನಂತರ, 2008ರಲ್ಲಿ, ವಿಶಾಲ್–ಶೇಖರ್ ಜೋಡಿಯ ಸಂಸ್ಥೆಯಿಂದ ಮೊದಲ ಆಲ್ಬಂ ಹೊರಬಂತು. ಹಿಂದಿ, ಇಂಗ್ಲಿಷ್ ಹಾಡುಗಳ ನಡುವೆ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಕೂಡ ಅದರಲ್ಲಿತ್ತು. 2011ರಲ್ಲಿ ತಂಡ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ ಹಾಡಿತು. 2013ರ ‘ಜಗ್ ಚಂಗಾ’ದಲ್ಲಿ ‘ಲೋಕದ ಕಾಳಜಿ’ ಬಂತು. ಇಬ್ಬರು ವಾದಕರ ಸಂವಾದವಾಗಿ ಆರಂಭವಾದ ನಾದವು ಡ್ರಮ್ಸ್, ಬೇಸ್ ಗಿಟಾರುಗಳೊಂದಿಗೆ ಬಯಲನ್ನು ತುಂಬುವಂತಾಯಿತು. ವೇದಿಕೆಯ ಮೇಲಿನ ವೇಷ ಮಾತ್ರ ಲುಂಗಿ ಮತ್ತು ಕಾಲ್ಗೆಜ್ಜೆ.

ಇದರಿಂದ ‘ಮೂಲ’ ಹಾಳಾಯಿತೆಂಬ ವಾದ ನಿಲ್ಲುವುದಿಲ್ಲ. ನಗರದ ನಾವು ಮೂಲವೆಂದು ನಂಬಿರುವ ಧಾಟಿ ಬಹುಮಟ್ಟಿಗೆ ಸಿ. ಅಶ್ವತ್ಥರದು, 1990ರ ‘ಸಂತ ಶಿಶುನಾಳ ಷರೀಫ’ ಚಿತ್ರ ಅದನ್ನು ಮನೆಮನೆಗೆ ಮುಟ್ಟಿಸಿತು. ಭಜನಾ ಮೇಳದ ಹಾರ್ಮೋನಿಯಂ ಕೂಡ ಯುರೋಪಿನಿಂದ ಬಂದ ವಾದ್ಯವೇ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡ ಷರೀಫರೇ, ಮುಸ್ಲಿಂ ಮನೆಯಲ್ಲಿ ಹುಟ್ಟಿ ಕಳಸದ ಗೋವಿಂದ ಭಟ್ಟರನ್ನು ಗುರುವಾಗಿ ಪಡೆದವರು. ಗಡಿ ಕಾಯುವ ಕೆಲಸವನ್ನು ಅವರ ಹೆಸರಿನಲ್ಲಿ ಮಾಡುವುದು ವಿಪರ್ಯಾಸ.

ಆದರೆ ಇನ್ನೊಂದು ಪ್ರಶ್ನೆಯಿದೆ. ಈ ಪದಗಳ ಮೇಲೆ ಇಂದು ಯಾರ ಹಕ್ಕೂ ಇಲ್ಲ. ನಮ್ಮ ಕಾಯ್ದೆಯಲ್ಲಿ ಕೃತಿಸ್ವಾಮ್ಯ ಉಳಿಯುವುದು ಕರ್ತೃ ತೀರಿಕೊಂಡ ನಂತರ 60 ವರ್ಷ ಮಾತ್ರ. ಆದ್ದರಿಂದ ಯಾರು ಬೇಕಾದರೂ ಹಾಡಬಹುದು, ಮುದ್ರಿಸಬಹುದು, ಗಳಿಸಬಹುದು. ಇದು ಒಳ್ಳೆಯದೇ. ಆದರೆ ಷರೀಫರು ತೀರಿಕೊಂಡ ಮೇಲೂ ಈ ಪದಗಳನ್ನು ಬಾಯಿಂದ ಬಾಯಿಗೆ ದಾಟಿಸಿ ಉಳಿಸಿದವರು ಲಕ್ಷ್ಮೇಶ್ವರ, ಶಿರಹಟ್ಟಿ, ಮುಂಡರಗಿ, ಕುಂದಗೋಳದ ಹಳ್ಳಿಗಳ ರೈತರು, ನೇಕಾರರು, ಕೂಲಿಕಾರರು. ಕಾಯ್ದೆಯ ಲೆಕ್ಕದಲ್ಲಿ ಅವರು ಎಲ್ಲಿಯೂ ಇಲ್ಲ.

ಈ ಹೊಣೆಯನ್ನು ಒಬ್ಬ ಗಾಯಕನ ಹೆಗಲಿಗೆ ಹೊರಿಸುವುದು ನ್ಯಾಯವಲ್ಲ. ಹತ್ತು ವರ್ಷ ಕಷ್ಟಪಟ್ಟ ಸ್ವತಂತ್ರ ತಂಡವೊಂದು ತನ್ನ ಶ್ರಮದ ಫಲ ಉಂಡರೆ ನಮಗೇಕೆ ಹೊಟ್ಟೆಯುರಿ? ಹೊಣೆ ಇರುವುದು ವೇದಿಕೆ ಕಟ್ಟುವವರ ಮೇಲೆ. ಸರಕಾರಿ ಉತ್ಸವಗಳಲ್ಲಿ ಭಜನಾ ಮೇಳಕ್ಕೆ ಸಂಜೆ ಇನ್ನೂ ಬಿಸಿಲಿರುವಾಗ, ಖಾಲಿ ಕುರ್ಚಿಗಳ ಎದುರು ಹಾಡುವ ಸರದಿ ಸಿಗುತ್ತದೆ. ಕೈಗೆ ಬರುವುದು ಬಸ್ಸಿನ ಖರ್ಚು, ಶಾಲು, ಪ್ರಮಾಣಪತ್ರ. ದೀಪಗಳು ಹೊತ್ತುವುದು ಬ್ಯಾಂಡ್ ಬಂದ ಮೇಲೆ. ಜನ ಸೇರಿದ ಹೊತ್ತಿನಲ್ಲಿ, ಅದೇ ದೀಪದ ಕೆಳಗೆ, ಮೊದಲು ಮೇಳ ಒಂದು ಪದ ಹಾಡಲಿ. ನಂತರ ಬ್ಯಾಂಡ್ ಅದನ್ನೇ ತನ್ನ ಧಾಟಿಯಲ್ಲಿ ಹಾಡಲಿ. ಮೇಳಕ್ಕೂ ಮರ್ಯಾದೆಯ ಸಂಭಾವನೆ ಇರಲಿ. ಯಾವ ಊರಿನವರ ಬಾಯಲ್ಲಿ ಯಾವ ಮಟ್ಟಿದೆ ಎಂಬುದನ್ನು ನಮ್ಮ ವಿಶ್ವವಿದ್ಯಾಲಯಗಳು ಊರೂರು ತಿರುಗಿ ಧ್ವನಿಮುದ್ರಿಸಿ, ಹಾಡುವವರ ಹೆಸರಿನೊಂದಿಗೆ ದಾಖಲಿಸಲಿ.

ಅಂದು ಮೊಬೈಲ್ ಹಿಡಿದು ಬಂದಿದ್ದ ಹುಡುಗ ಮುಂದಿನ ಪದಕ್ಕೆ ತಾಳ ಕೈಗೆತ್ತಿಕೊಂಡ. ಪದದ ಕಡೆಗೆ ಅವನನ್ನು ಎಳೆದದ್ದು ಗಿಟಾರೋ ದಮ್ಮಡಿಯೋ ನಾನು ಕೇಳಲಿಲ್ಲ. ಅವನು ಕಲಿಯಬೇಕಾದ ಇನ್ನೂ ನೂರಾರು ಪದಗಳು ಆ ಹಿರಿಯರ ನೆನಪಿನಲ್ಲಿವೆ, ಮತ್ತು ಅವರಿಗೆ ವಯಸ್ಸಾಗುತ್ತಿದೆ.