ಸಮುದ್ರದ ತಳದ ಗಂಟು ಯಾರಪ್ಪನದು?

ರಾಗಿ ಬಿತ್ತಿದವನು ನಾಲ್ಕು ತಿಂಗಳಿಗೆ ಕೊಯ್ಯುತ್ತಾನೆ. ತೆಂಗು ನೆಟ್ಟವನು ಏಳೆಂಟು ವರ್ಷ ಕಾಯುತ್ತಾನೆ. ಆದರೆ ಸಮುದ್ರದ ತಳದಲ್ಲಿ ಬೆಳೆಯುವ ಲೋಹದ ಗಂಟಿನ ಲೆಕ್ಕವೇ ಬೇರೆ. ಅದರ ಮೇಲಿನ ಪದರ ಏರುವುದು ಹತ್ತು ಲಕ್ಷ ವರ್ಷಕ್ಕೆ ಕೆಲವೇ ಮಿಲಿಮೀಟರು. ಎರಡೂವರೆ ಮಿಲಿಮೀಟರೆಂದು ಹಿಡಿದರೆ, ಅದು ಆಲೂಗಡ್ಡೆಯಷ್ಟಾಗಲು ಸುಮಾರು ಒಂದು ಕೋಟಿ ವರ್ಷ ಬೇಕು!

ಬೆಳೆಯುವ ಬಗೆ ಹೀಗೆ: ನಾಲ್ಕರಿಂದ ಆರು ಸಾವಿರ ಮೀಟರು ಆಳದ ಕತ್ತಲಲ್ಲಿ, ಕೆಸರಿನ ಮೇಲೆ, ಶಾರ್ಕ್ ಮೀನಿನ ಹಲ್ಲೋ ಕಲ್ಲಿನ ಚೂರೋ ಬಿದ್ದಿರುತ್ತದೆ. ನೀರಿನಲ್ಲಿ ಕರಗಿದ ಮ್ಯಾಂಗನೀಸ್ ಮತ್ತು ಕಬ್ಬಿಣ ಆಮ್ಲಜನಕದೊಡನೆ ಸೇರಿ ಅದರ ಮೇಲೆ ತೆಳುವಾಗಿ ಕೂರುತ್ತವೆ. ಕೆಳಗಿನ ಕೆಸರಿನಿಂದಲೂ ಲೋಹ ಒಸರಿ ಬರುತ್ತದೆ. ನಿಕ್ಕಲ್, ತಾಮ್ರ, ಕೋಬಾಲ್ಟ್‌ಗಳನ್ನು ಈ ಪದರಗಳು ಹಿಡಿದಿಟ್ಟುಕೊಳ್ಳುತ್ತವೆ. ಕುಯ್ದರೆ ಈರುಳ್ಳಿಯಂತೆ ಪದರದ ಮೇಲೆ ಪದರ.

1873ರಲ್ಲಿ ಬ್ರಿಟನ್ನಿನ ಚಾಲೆಂಜರ್ ಹಡಗು ಇವನ್ನು ಮೇಲೆತ್ತಿದಾಗ ಅವು ಕೇವಲ ಕೌತುಕ. ಬೆಲೆ ಗೊತ್ತಾದ ಮೇಲೆ ಕಣ್ಣು ಬಿತ್ತು. 1967ರಲ್ಲಿ ಪುಟ್ಟ ಮಾಲ್ಟಾ ದೇಶದ ಪ್ರತಿನಿಧಿ ಆರ್ವಿಡ್ ಪಾರ್ಡೊ, ಇದು ಇಡೀ ಮಾನವಕುಲದ ಸ್ವತ್ತೆಂದು ವಿಶ್ವಸಂಸ್ಥೆಯಲ್ಲಿ ವಾದಿಸಿದರು. 1970ರಲ್ಲಿ ಮಹಾಸಭೆ ಅದನ್ನೇ ಘೋಷಿಸಿತು. 1982ರಲ್ಲಿ ಸಮುದ್ರ ಕಾನೂನಿನ ಒಪ್ಪಂದವಾಯಿತು. ಅದರಂತೆ ನಮ್ಮ ದೇಶವೂ ಹಿಂದೂ ಮಹಾಸಾಗರದ ಮಧ್ಯಭಾಗದಲ್ಲಿ 75,000 ಚದರ ಕಿಲೋಮೀಟರಿನ ಶೋಧನೆಗೆ 2002ರಲ್ಲಿ ಕರಾರು ಮಾಡಿಕೊಂಡಿತು.

ಆ ಒಪ್ಪಂದಕ್ಕೆ ಸೇರದ ದೊಡ್ಡ ರಾಷ್ಟ್ರ ಅಮೆರಿಕ. 2025ರ ಏಪ್ರಿಲ್‌ನಲ್ಲಿ ಅದರ ಅಧ್ಯಕ್ಷರು, ಯಾವ ದೇಶದ ಎಲ್ಲೆಗೂ ಸೇರದ ಸಮುದ್ರದಲ್ಲೂ ತಮ್ಮ ಕಾನೂನಿನಡಿಯೇ ಗಣಿಗಾರಿಕೆಗೆ ಬೇಗ ಪರವಾನಗಿ ಕೊಡತಕ್ಕದ್ದೆಂದು ಆಜ್ಞೆ ಹೊರಡಿಸಿದರು. ಊರ ಗೋಮಾಳಕ್ಕೆ ಧಣಿ ರಾತ್ರೋರಾತ್ರಿ ಬೇಲಿ ಹಾಕುವುದಕ್ಕೂ ಇದಕ್ಕೂ ಏನು ವ್ಯತ್ಯಾಸ?

ಬ್ಯಾಟರಿಗೆ ನಿಕ್ಕಲ್ ಬೇಡವೇ ಎಂದು ಕೇಳುವವರಿದ್ದಾರೆ. ಬೇಕು, ನಿಜ. ಆದರೆ ಒಮ್ಮೆ ಬಾಚಿದರೆ ಮರುಬೆಳೆಯಿಲ್ಲ. ಪೆರು ದೇಶದಾಚೆಯ ಸಮುದ್ರತಳವನ್ನು ವಿಜ್ಞಾನಿಗಳು 1989ರಲ್ಲಿ ಪರೀಕ್ಷೆಗಾಗಿ ಉತ್ತು ನೋಡಿದರು. 2015ರಲ್ಲಿ ಹೋದಾಗಲೂ ನೇಗಿಲ ಗೆರೆಗಳು ಹಾಗೆಯೇ ಇದ್ದವು. ಗಂಟುಗಳನ್ನೇ ನೆಲೆಯಾಗಿ ಹಿಡಿದು ಬದುಕುವ ಜೀವಿಗಳಿಗೆ ಬೇರೆ ಮನೆಯೆಲ್ಲಿ?

ಆದ್ದರಿಂದ ನಾವು ಕೇಳುವುದಿಷ್ಟೇ. ಲಾಭದ ಪಾಲು ಬಡ ರಾಷ್ಟ್ರಗಳಿಗೂ ಸಲ್ಲುವ, ಹಾನಿಗೆ ಹೊಣೆ ಗೊತ್ತುಪಡಿಸುವ ನಿಯಮವನ್ನು ಎಲ್ಲ ರಾಷ್ಟ್ರಗಳೂ ಕೂಡಿ ಮಾಡುವ ತನಕ ಯಾರೂ ಅಗೆಯಕೂಡದು. ನಮ್ಮ ಸರ್ಕಾರವೂ ಅಗೆಯಕೂಡದು. ಕೋಟಿ ವರ್ಷದ ಗಂಟು ಯಾರಪ್ಪನದೂ ಅಲ್ಲ, ಎಲ್ಲರದು.