ಅಂಬಾಸಿಡರಿಗೆ ರೇಸಿನ ಕ್ಯಾಮ್ ಬೇಡ

ನಮ್ಮ ಮನೆಯ ಅಂಬಾಸಿಡರ್ ಅಪ್ಪ 1971ರಲ್ಲಿ ಕೊಂಡದ್ದು, ಮಾರ್ಕ್ 2. ಎರಡು ವರ್ಷದ ಹಿಂದೆ ಎಂಜಿನ್ ಬಿಚ್ಚಿಸಿದಾಗ ಕ್ಯಾಮ್‌ಶಾಫ್ಟನ್ನು ಕೈಯಲ್ಲಿ ಹಿಡಿದು ನೋಡಿದೆ. ವಾಲ್ವ್ ಎತ್ತುವ ಮೊಟ್ಟೆಯಾಕಾರದ ಉಬ್ಬುಗಳಲ್ಲಿ ಒಂದರ ಮೂಗು ಸವೆದು ಚಪ್ಪಟೆಯಾಗಿತ್ತು, ಉಗುರಾಡಿಸಿದರೆ ತರಿತರಿ. "ಹೇಗೂ ಹೊಸದು ಹಾಕ್ಬೇಕು, ಜೋರಾದದ್ದೇ ಹಾಕೋಣ ಸಾರ್" ಎಂದರು ವರ್ಕ್‌ಶಾಪಿನವರು. ಒಪ್ಪಿಕೊಂಡೆ.

ಅದರ ಗುಣ ತಿಳಿದದ್ದು ಕುಶಾಲನಗರ ದಾಟಿ ಮಡಿಕೇರಿಯ ಏರು ಹಿಡಿದಾಗ. ಸುಂಟಿಕೊಪ್ಪದ ಹತ್ತಿರ ಮರದ ಲಾರಿಯ ಹಿಂದೆ ಸಿಕ್ಕಿಕೊಂಡೆವು. ಎರಡನೇ ಗೇರಿನಲ್ಲೂ ಎಳೆತವಿಲ್ಲ, ನಿಂತರೆ ಎಂಜಿನ್ ಕೆಮ್ಮುತ್ತದೆ. "ಏನು ಮಾಡಿಸಿದ್ಯೋ ಇದಕ್ಕೆ? ನಿಮ್ಮಪ್ಪ ಓಡಿಸುವಾಗ ಹೀಗಿರಲಿಲ್ಲ" ಎಂದು ಹಿಂದಿನ ಸೀಟಿನಿಂದ ಅಮ್ಮ ಕೇಳಿದರು.

ಜೋರು ಕ್ಯಾಮ್ ವಾಲ್ವನ್ನು ಹೆಚ್ಚು ಹೊತ್ತು ತೆರೆದಿಡುತ್ತದೆ. ಎಂಜಿನ್ ವೇಗವಾಗಿ ತಿರುಗುವಾಗ ಒಳನುಗ್ಗುವ ಗಾಳಿಯ ರಭಸಕ್ಕೆ ಸಿಲಿಂಡರ್ ಚೆನ್ನಾಗಿ ತುಂಬುತ್ತದೆ. ನಿಧಾನವಾಗಿ ತಿರುಗುವಾಗ ಆ ರಭಸ ಇರುವುದಿಲ್ಲ. ವಾಲ್ವ್ ತಡವಾಗಿ ಮುಚ್ಚುವಷ್ಟರಲ್ಲಿ ಮೇಲೇರುವ ಪಿಸ್ಟನ್ ಎಳೆದುಕೊಂಡ ಗಾಳಿಯನ್ನೇ ಹೊರಗೆ ದಬ್ಬುತ್ತದೆ. ಅಂಬಾಸಿಡರಿನ 1489 ಸಿಸಿ ಎಂಜಿನ್ನಿನಲ್ಲಿ ಇನ್ನೊಂದು ತೊಡಕಿದೆ. ನಾಲ್ಕು ಸಿಲಿಂಡರಿಗೆ ಗಾಳಿಯ ಬಾಯಿ ಎರಡೇ. ಉರಿಯುವ ಸರದಿ 1-3-4-2 ಆದ್ದರಿಂದ ಒಂದೇ ಬಾಯಿಗೆ ಕೂತ ಜೋಡಿ ಸಿಲಿಂಡರುಗಳು ಬೆನ್ನುಬೆನ್ನಿಗೆ ಉಸಿರೆಳೆಯುತ್ತವೆ. ವಾಲ್ವ್ ತೆರೆದಿರುವ ಹೊತ್ತು ಉದ್ದವಾದಷ್ಟೂ ಒಂದರ ಪಾಲನ್ನು ಇನ್ನೊಂದು ಕಸಿಯುತ್ತದೆ. ಸಿಲಿಂಡರಿನ ಅಗಲ 73 ಮಿಲಿಮೀಟರ್, ಪಿಸ್ಟನ್ನಿನ ಓಟ 88.9. ಇಂಥ ಎಂಜಿನ್ ಹುಟ್ಟಿದ್ದೇ ಭಾರ ಎಳೆಯಲು. ಅದರಿಂದ ಆ ಗುಣವನ್ನೇ ಕಿತ್ತುಕೊಳ್ಳುವುದು ನನಗೆ ಅನ್ಯಾಯವೆನಿಸುತ್ತದೆ.

ಹಾಗೆಂದು ಏನೂ ಮಾಡಬಾರದೆಂದಲ್ಲ. ಬ್ರಿಟನ್ನಿನ ಎಂಜಿಎ ಸ್ಪೋರ್ಟ್ಸ್ ಕಾರಿಗೆ 1955ರಿಂದ 1959ರವರೆಗೆ ಹಾಕಿದ್ದೂ ಇದೇ ಬಿ-ಸೀರೀಸ್ ವಂಶದ 1489 ಸಿಸಿ ಎಂಜಿನ್. ಅದರ ಕ್ಯಾಮ್ ಗಾಳಿಯ ವಾಲ್ವನ್ನು ಕ್ರ್ಯಾಂಕ್ 252 ಡಿಗ್ರಿ ತಿರುಗುವಷ್ಟು ಹೊತ್ತು ತೆರೆದಿಡುತ್ತಿತ್ತು. ಮನೆಮಂದಿಯನ್ನು ಕೂರಿಸಿಕೊಂಡು ಓಡಿಸುವ ಅಂಬಾಸಿಡರಿಗೆ ನನ್ನ ಮಟ್ಟಿಗೆ ಅದೇ ಗಡಿ. 300 ಡಿಗ್ರಿಯವು ರೇಸಿನ ಟ್ರ್ಯಾಕಿಗಿರಲಿ.

ಈಗ ಆ 252 ಡಿಗ್ರಿಯದನ್ನೇ ಹಾಕಿಸಿದ್ದೇನೆ. ದುಡ್ಡು ಉಳಿಸಲು ಕ್ಯಾಮಿನ ಉಬ್ಬಿಗೆ ತಾಗಿ ಕೂರುವ ಟ್ಯಾಪೆಟ್ ಹಳೆಯದನ್ನೇ ಬಳಸಲು ಬಿಡಲಿಲ್ಲ. ಹಳೆಯ ಸವೆತ ಹೊಸ ಕ್ಯಾಮನ್ನು ಬೇಗ ತಿಂದುಹಾಕುತ್ತದೆ. ಸವೆತ ತಡೆಯಲು ಸತುವಿನ ಅಂಶ ಹೆಚ್ಚಿರುವ ಎಣ್ಣೆ ಹುಡುಕಿ ತಂದೆ, ಇಂದಿನ ಕಾರುಗಳ ಎಣ್ಣೆಯಲ್ಲಿ ಅದು ಕಡಿಮೆ. ಮೊದಲ ಸಲ ಸ್ಟಾರ್ಟ್ ಮಾಡಿದ ಕೂಡಲೇ 20 ನಿಮಿಷ ಎಂಜಿನ್ ನಿಮಿಷಕ್ಕೆ 2000 ಸುತ್ತಿಗಿಂತ ಕೆಳಗಿಳಿಯದಂತೆ ನಾನೇ ಆಕ್ಸಿಲರೇಟರ್ ಹಿಡಿದು ಕೂತೆ. ಕ್ಯಾಮಿನ ಉಬ್ಬುಗಳಿಗೆ ಸಾಕಷ್ಟು ಎಣ್ಣೆ ಸಿಗುವುದು ಕ್ರ್ಯಾಂಕ್ ವೇಗವಾಗಿ ತಿರುಗಿ ಎರಚಿದರೆ ಮಾತ್ರ.

ಬಿಚ್ಚಿಸಿದ ಜೋರು ಕ್ಯಾಮ್ ಗ್ರೀಸ್ ಸವರಿಸಿಕೊಂಡು ಶೆಡ್ಡಿನಲ್ಲಿದೆ. ಇಬ್ಬರು ಕೇಳಿಕೊಂಡು ಬಂದಿದ್ದರು. ಇಬ್ಬರದೂ ಅಂಬಾಸಿಡರ್. ಕೊಡಲಿಲ್ಲ.